ಒಣಹೊಳೆ ನಾಡು ಯಾರದು

ಒಣಹೊಳೆ ಎಂಬ ನಾಡು ಯಾವ ಭೂಪಟದಲ್ಲೂ ಇಲ್ಲ. ಅದನ್ನು ಕಟ್ಟಿದವನು ಬೆಟಗೇರಿಯ ನನ್ನ ಗೆಳೆಯ. ನೇಕಾರರ ಮನೆತನ, ಸೀರೆಯ ಅಂಚಿಗೆ ವಿನ್ಯಾಸ ಬರೆಯುವುದು ಅವನ ಕೆಲಸ. ಭಾನುವಾರ ಮಧ್ಯಾಹ್ನ ಅವನ ಮಗ್ಗದ ಕೋಣೆಗೆ ಮುಂಡರಗಿಯಿಂದ ನಾನು, ಲಕ್ಷ್ಮೇಶ್ವರದಿಂದ ಇನ್ನೊಬ್ಬ ಗೆಳೆಯ, ವ್ಯಾಪಾರಿ, ಬರುತ್ತಿದ್ದೆವು. ಕಟ್ಟಿದವನು ಆ ನಾಡಿನ ಸಂಗತಿ ಹೇಳುವನು. ನಾವು ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುವೆವು. ಆದದ್ದೆಲ್ಲ ಅವನ ನೋಟ್‌ಬುಕ್ಕಿನಲ್ಲಿ ಇತಿಹಾಸವಾಗುತ್ತಿತ್ತು. ಹನ್ನೊಂದು ವರ್ಷ ಹೀಗೇ ಆಡಿದೆವು.

ನನ್ನ ತಂಗಿ ತೀರಿಕೊಂಡ ವರ್ಷ ಅವನು ಅಲ್ಲೊಂದು ಬಾವಿಯ ಊರು ಬರೆದ. ಬಾವಿ ಕಾಯುವವಳಿಗೆ ನನ್ನ ತಂಗಿಯ ನಗು, ಅವಳ ಸಿಡುಕು ಕೊಟ್ಟಿದ್ದ. ನಾನು ಆಟದಲ್ಲಿ ಏನಾದರೊಂದು ನೆಪ ತೆಗೆದು ಆ ಊರಿಗೇ ಹೋಗುತ್ತಿದ್ದೆ. ವ್ಯಾಪಾರಿ ಗೆಳೆಯನಿಗೆ ಅದು ಬೇಸರ. ಕತೆ ಮುಂದೆ ಸಾಗಬೇಕಾದರೆ ಆ ಊರು ಸುಡಬೇಕು, ಆಮೇಲೆ ಎಲ್ಲವನ್ನೂ ಅಚ್ಚು ಹಾಕಿಸಿ ಊರೂರಿನವರು ಆಡುವಂತೆ ಮಾಡಬೇಕು ಎನ್ನುತ್ತಿದ್ದ. ಕಟ್ಟಿದವನು ನಕ್ಕು ದಾಳ ಮುಂದೆ ತಳ್ಳುತ್ತಿದ್ದ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ನಾವಿಬ್ಬರೂ ಗದಗಿನ ಆಸ್ಪತ್ರೆಗೆ ಹೋದದ್ದು ಒಂಬತ್ತು ದಿನದ ಮೇಲೆ. ಕುಶಲ ಕೇಳಿದ್ದು ಎರಡೇ ಮಾತು. ಮುಂದೆ ನಾಡನ್ನು ಯಾರು ನಡೆಸಬೇಕು ಎಂದು ವ್ಯಾಪಾರಿ ಗೆಳೆಯ ಕೇಳಿದ. ಬಾವಿಯ ಊರನ್ನು ಉಳಿಸಲು ಹೇಳು ಎಂದು ನಾನೂ ಬಾಗಿದೆ. ಮಲಗಿದ್ದವನು ಎಡಗೈ ಎತ್ತಿದ. ನನ್ನ ಕಡೆ ತೋರಿಸಿದ ಎಂದು ನಾನು, ತನ್ನ ಕಡೆ ಎಂದು ವ್ಯಾಪಾರಿ ಮಂಚದ ಎರಡೂ ಬದಿಗೆ ನಿಂತು ವಾದಿಸಿದೆವು.

ಅಷ್ಟರಲ್ಲಿ ಮಲಗಿದ್ದವನ ಹೆಂಡತಿ ಬಂದರು. ಶಿರಹಟ್ಟಿಯವರು, ಮಿತಭಾಷಿ.

"ಅವರಿಗೆ ನೀರಡಿಕಿ ಆಗೈತ್ರಿ," ಎಂದರು. "ಅದನ್ನಷ್ಟ ಕೇಳಾಕತ್ತಾರ."

ಚಮಚದಿಂದ ನೀರು ಹಾಕಿದರು. ಅರ್ಧ ಗದ್ದಕ್ಕಿಳಿಯಿತು. ನಾನು ಗೋಡೆ ನೋಡುತ್ತ ನಿಂತೆ.

ಮೂರು ವಾರಕ್ಕೆ ಅವನು ತೀರಿಹೋದ. ವ್ಯಾಪಾರಿ ಗೆಳೆಯ ತನ್ನ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದ ನೋಟ್‌ಬುಕ್ಕಿನ ಪುಟಗಳಿಂದಲೇ ಪುಸ್ತಕ ಮಾಡಿಸಿದ. ಬಾವಿಯ ಊರು ಮೊದಲ ಪುಟದಲ್ಲೇ ಬೂದಿಯಾಗಿತ್ತು. ಸಿಟ್ಟಿನಿಂದ ಫೋನ್ ಮಾಡಿದೆ. ಬಾವಿ ಕಾಯುವವಳನ್ನು ಆಟದಲ್ಲಿ ಎರಡು ಸಲ ಸಾವಿನಿಂದ ಉಳಿಸಿದ್ದು ತನ್ನ ಪಾತ್ರ, ಅವಳು ಬರೀ ನಿನ್ನ ಸ್ವತ್ತಲ್ಲ ಎಂದ. ಅದು ಖರೆ. ಆದರೂ ಅವನೊಂದಿಗೆ ಮತ್ತೆ ಮಾತಾಡಿಲ್ಲ.

ನೋಟ್‌ಬುಕ್ಕು ಕೇಳಲು ಬೆಟಗೇರಿಗೆ ಹೋದೆ. ತೀರಿದ ಗೆಳೆಯನ ಹೆಂಡತಿ ಕೊಡಲಿಲ್ಲ. ಹನ್ನೊಂದು ವರ್ಷ ಚಹಾ ಮಾಡಿಕೊಟ್ಟರೂ ಒಳಗೆ ಏನು ನಡೆಯುತ್ತಿತ್ತೆಂದು ತಮಗೆ ಯಾರೂ ಹೇಳಲಿಲ್ಲ, ಓದಿ ಹೇಳಿ ಎಂದರು. ಸಂಜೆಯವರೆಗೆ ಓದಿದೆ. ಕೊನೆಯ ಪುಟದ ಅರ್ಧಕ್ಕೆ ಬರಹ ನಿಂತಿತ್ತು.

"ಮುಂದ ಏನ ಆತ್ರಿ?"

ಬರೆದಿಲ್ಲ ಎಂದೆ. ಬೇಕಾದರೆ ನಾನು ಬರೆಯುತ್ತೇನೆ ಎಂದೂ ಸೇರಿಸಿದೆ.

"ಬ್ಯಾಡ್ರಿ," ಎಂದು ಅವರು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡರು.