ಅಂಚಿನಲ್ಲಿ ಅಣ್ಣ ಬರೆದದ್ದು

ನಾನು ಚಿಕ್ಕವನಿದ್ದಾಗ ನೈರೋಬಿಯಿಂದ ನಮ್ಮ ಮನೆಗೆ ಒಂದೇ ಒಂದು ಪುಸ್ತಕ ಬಂದಿತ್ತು. ಈಗ ಅದೇ ನೈರೋಬಿಯಲ್ಲಿ, ಲಂಗಾಟಾದ ಮಗಳ ಮನೆಯಲ್ಲಿ, ಸ್ವೆಟರ್ ಹಾಕಿಕೊಂಡು ಕುಳಿತು ಆ ಪುಸ್ತಕದ ವಿಷಯ ಬರೆಯುತ್ತಿದ್ದೇನೆ. ಮಕ್ಕಳೇ, ಇದರಲ್ಲಿ ನಗುವಂಥದ್ದು ಕಡಿಮೆ. ನನಗೆ ಗೊತ್ತಿರುವುದನ್ನು ಗೊತ್ತಿದೆ ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಬರೆಯುತ್ತೇನೆ. ನಲವತ್ತು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನಿಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನನಗೆ ಎಂಟು ವರ್ಷ. ಬೆಂಗಳೂರಿನ ಪೇಟೆಯಲ್ಲಿ ಅಪ್ಪನದು ಸೈಕಲ್ ರಿಪೇರಿ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಮನೆಯೊಳಗೂ ಟಯರು, ಗ್ರೀಸು, ತೇಪೆ ಅಂಟಿಸುವ ಸಲ್ಯೂಷನ್ನಿನ ವಾಸನೆ. ಅಣ್ಣ ಮೋಟಾರು ಕೆಲಸ ಕಲಿತು ಸೈನ್ಯದಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದ. ಎಲ್ಲಿದ್ದಾನೆ ಎಂದು ಬರೆಯುವಂತಿರಲಿಲ್ಲ. ಸೈನಿಕರ ಕಾಗದಗಳನ್ನು ಒಡೆದು ಓದಿ, ಬೇಡವೆನಿಸಿದ ಸಾಲುಗಳಿಗೆ ಕಪ್ಪು ಶಾಯಿ ಬಳಿದು ಕಳಿಸುತ್ತಿದ್ದರು. ಅವನ ಒಂದು ಕಾಗದದಲ್ಲಿ ‘ಕ್ಷೇಮ’ ಎಂಬ ಮಾತೂ ಸಹಿಯೂ ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅವಳು ಆ ಕಪ್ಪು ಪಟ್ಟಿಗಳ ಮೇಲೆ ಬೆರಳಾಡಿಸಿ, "ಇಲ್ಲೇನಂತೆ?" ಎಂದು ಅಕ್ಕನನ್ನು ಕೇಳುತ್ತಿದ್ದಳು.

ಆ ಪುಸ್ತಕ ನನ್ನ ಹೆಸರಿಗೇ ಬಂತು. ಒರಟು ಕಾಗದದ, ಬಣ್ಣದ ಚಿತ್ರಗಳ ಇಂಗ್ಲಿಷ್ ಕಥೆಪುಸ್ತಕ. ಹಿಂದಿನ ರಟ್ಟಿನ ಮೇಲೆ ಅಂಗಡಿಯೊಂದರ ನೇರಳೆ ಮುದ್ರೆ ಇತ್ತು. ಅದರ ಕೊನೆಯ ಅಕ್ಷರಗಳನ್ನು ಅಕ್ಕ ಕೂಡಿಸಿ ಓದಿದಳು: ನೈರೋಬಿ. ಅಣ್ಣ ಆಫ್ರಿಕಾದಲ್ಲಿದ್ದಾನೆ ಎಂದು ನಮಗೆ ತಿಳಿದದ್ದು ಹೀಗೆ.

ಆ ಒಂದು ಪುಸ್ತಕದಲ್ಲಿ ಐದು ಕಥೆಗಳಿದ್ದವು. ಮೊದಲನೆಯದು ಕೆಂಪು ಮೇಲಂಗಿಯ ವೀರನದು. ಗುಂಡು ಅವನ ಎದೆಗೆ ಬಡಿದು ಪುಟಿಯುತ್ತಿತ್ತು. ಟ್ಯಾಂಕನ್ನು ಅವನು ಸೈಕಲ್ಲಿನ ಹಾಗೆ ಎತ್ತಿ ಎಸೆಯುತ್ತಿದ್ದ. ಆಮೇಲೆ ಒಬ್ಬ ವಿಮಾನ ಹಾರಿಸುವವನು, ಒಬ್ಬ ಪತ್ತೇದಾರ, ಮುಖವಾಡದ ಹುಡುಗಿಯೊಬ್ಬಳು. ಕೊನೆಯದು ಆಫ್ರಿಕಾದ ಕಾಡಿನಲ್ಲಿ ನಿಧಿ ಹುಡುಕುವವನ ಕಥೆ. ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಅಣ್ಣ ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕಥೆಯನ್ನು ಕನ್ನಡದಲ್ಲಿ ಬರೆದಿದ್ದ. ಅಕ್ಕ ಎರಡು ಪುಟ ನೋಡಿ, "ಮಕ್ಕಳ ಕಥೆ, ನೀನೇ ಓದ್ಕೋ" ಎಂದು ಒಲೆಯ ಕಡೆ ಹೋದಳು.

ನಾನು ಓದಿದ್ದು ಮೊದಲ ಕಥೆಯನ್ನು ಮಾತ್ರ. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಯ ಕಥೆಯ ಅಂಚಿನಲ್ಲಿ ಬರಹ ಇರುವೆ ಸಾಲಿನಂತೆ ಸಣ್ಣಗೆ, ಒತ್ತೊತ್ತಾಗಿ ತುಂಬಿತ್ತು. ಹಾರಲು ಬಾರದ ಮನುಷ್ಯನ ಬಗ್ಗೆ ಅಷ್ಟು ಓದುವ ತಾಳ್ಮೆ ನನಗಿರಲಿಲ್ಲ.

ಮೊದಲ ಕಥೆಯ ಕೊನೆಯಲ್ಲಿ ಶತ್ರುಗಳು ವೀರನನ್ನು ಸರಪಳಿಯಿಂದ ಬಿಗಿದು, ಮುಳುಗುವ ಹಡಗಿನೊಳಗೆ ಬಿಟ್ಟು ಹೋಗುತ್ತಿದ್ದರು. ಮುಂದಿನದು ಮುಂದಿನ ಸಂಚಿಕೆಯಲ್ಲಿ. ಆ ಸಂಚಿಕೆ ಎದುರು ಮನೆಯ ಹುಡುಗನ ಬಳಿ ಇತ್ತು. ಅವನ ಅಪ್ಪ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿಯ ಅಧಿಕಾರಿಗಳ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ನನ್ನ ಪುಸ್ತಕ ಹಿಡಿದು, ಅದಕ್ಕೆ ಬದಲು ಆ ಸಂಚಿಕೆ ಕೇಳಲು, ಅವನ ಮನೆಯ ಕಟ್ಟೆಗೆ ಹೋದೆ. ಅವನು ಪುಟ ತಿರುವಿ ಮೂಗು ಮುರಿದ.

"ಥೂ, ಇದ್ರಲ್ಲೆಲ್ಲಾ ಗೀಚಿದಾರಲ್ಲೋ! ಗೀಚಿದ್ ಪುಸ್ತಕ ಯಾರಿಗ್ ಬೇಕು? ನಿಮ್ಮಣ್ಣಂಗೆ ಬರೆಯೋಕೆ ಸ್ಲೇಟ್ ಕೊಟ್ಟಿಲ್ವಾ ಸರ್ಕಾರ?"

"ಅಳಿಸ್ಕೊಂಡ್ ಬರ್ತೀನಿ. ಆಗ ಕೊಡ್ತೀಯಾ?"

"ಚೂರೂ ಕಾಣಬಾರದು. ಕಂಡ್ರೆ ವಾಪಸ್."

ಅಳಿಸುವ ರಬ್ಬರು ಎಲ್ಲಿಯೂ ಸಿಗದ ಕಾಲ. ಆದರೆ ನಮ್ಮದು ಸೈಕಲ್ ಅಂಗಡಿ. ತೇಪೆ ಹಾಕಿ ಉಳಿದ ಕೆಂಪು ಟ್ಯೂಬಿನ ತುಂಡುಗಳು ಡಬ್ಬಿಯಲ್ಲಿರುತ್ತಿದ್ದವು. ಒಂದನ್ನು ತೆಗೆದುಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಮಧ್ಯಾಹ್ನದವರೆಗೂ ಉಜ್ಜಿದೆ. ಬೆರಳ ತುದಿ ಬಿಸಿಯಾಯಿತು. ಸಣ್ಣ ಬರಹವನ್ನು ಅಳಿಸುವುದು ಕಷ್ಟ. ಕೊನೆಯ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು. ಕೆಲಸ ಅಚ್ಚುಕಟ್ಟಾಗಿ ಆಗಿತ್ತು. ಎದುರು ಮನೆಯ ಹುಡುಗ ಕೂಡ ಒಪ್ಪಿಕೊಂಡ.

ಮುಂದಿನ ಸಂಚಿಕೆಯಲ್ಲಿ ವೀರ ಎರಡನೇ ಪುಟದಲ್ಲೇ ಸರಪಳಿ ಹರಿದುಕೊಂಡು ಈಜಿ ಬಂದ. ನಾನು ಅದನ್ನು ಓದುತ್ತಾ ಬಾಗಿಲಲ್ಲಿ ಕುಳಿತಿದ್ದಾಗ, ಪಕ್ಕದ ಬೀದಿಯ ಅಕ್ಕನ ಗೆಳತಿ ಬಂದು ಒಂದು ಕಾಗದ ಕೊಟ್ಟಳು. ಹಿಂದಿನ ದಿನ ತಪ್ಪಿ ಅವರ ಮನೆಗೆ ಹೋಗಿದ್ದ ಅಣ್ಣನ ಕಾಗದ. ಅಪ್ಪ ಕೈ ಒರೆಸಿಕೊಂಡು ಬಂದರು. ಅಮ್ಮ ಒಲೆ ಬಿಟ್ಟು ಬಂದಳು. ಅಕ್ಕ ಓದಿದಳು. ಈ ಸಲ ಒಂದು ಸಾಲಿಗೂ ಕಪ್ಪು ಬಳಿದಿರಲಿಲ್ಲ.

‘ನಾನು ಕ್ಷೇಮ. ತಮ್ಮನಿಗೆ ಕಳಿಸಿದ ಪುಸ್ತಕದ ಕೊನೆಯ ಕಥೆಯನ್ನು ಎಲ್ಲರೂ ಒಟ್ಟಿಗೆ ಕುಳಿತು ಓದಿ. ಅಮ್ಮನಿಗೆ ಎರಡು ಸಲ ಓದಿ ಹೇಳಿ.’

ಅಕ್ಕನಿಗೆ ತಕ್ಷಣ ಅರ್ಥವಾಯಿತು. ಕಾಗದದಲ್ಲಿ ಬರೆಯಲಾಗದ್ದನ್ನೆಲ್ಲ ಅಣ್ಣ ಅಲ್ಲಿ, ಯಾರೂ ನೋಡದ ಮಕ್ಕಳ ಪುಸ್ತಕದ ಅಂಚಿನಲ್ಲಿ, ಬರೆದಿದ್ದ. ಅಮ್ಮ ಆಗಲೇ ನೆಲದ ಮೇಲೆ ಕುಳಿತಿದ್ದಳು, ಸೆರಗಿನಿಂದ ಮುಖ ಒರೆಸಿಕೊಂಡು, ಹರಿಕಥೆ ಕೇಳಲು ಕುಳಿತವಳ ಹಾಗೆ.

"ತಗೊಂಬಾರೋ, ಎಲ್ಲಿ ಪುಸ್ತಕ?"

ನಾನು ಹೇಳಿದೆ. ಯಾರೂ ಹೊಡೆಯಲಿಲ್ಲ. ಅಕ್ಕ ಚಪ್ಪಲಿ ಹಾಕದೆ ಎದುರು ಮನೆಗೆ ಓಡಿದಳು. ಪುಸ್ತಕ ಸಿಕ್ಕಿತು. ಅಪ್ಪ ಅದನ್ನು ಅಂಗಡಿಯ ಮುಂದೆ ಇಳಿಬಿಸಿಲಿಗೆ ಹಿಡಿದು, ಸೈಕಲ್ಲಿನ ಚಕ್ರದ ಸೊಟ್ಟ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ಓರೆ ಮಾಡಿ ನೋಡಿದರು. ಪೆನ್ಸಿಲು ಒತ್ತಿದ ಗೆರೆ ಎಲ್ಲಾದರೂ ಉಳಿದಿದ್ದೀತು ಎಂದು. ಒರಟು ಕಾಗದ ನನ್ನ ಉಜ್ಜಾಟಕ್ಕೆ ಜುಂಗು ಎದ್ದಿತ್ತು. ಬಿಸಿಲು ಹೋಗುವವರೆಗೂ ನೋಡಿದರು. ಸಿಕ್ಕಿದ್ದು ಎರಡು ಮಾತು. ಒಂದು ಕಡೆ ‘ಅಮ್ಮ’. ಅದರ ಕೆಳಗೆ ‘ಚಳಿ’. ಆಮೇಲೆ ಏನೂ ಇಲ್ಲ.

"ಚಳಿ ಅಂತಾನಾ?" ಎಂದಳು ಅಮ್ಮ. "ಆ ದೇಶದಲ್ಲಿ ಸೆಖೆ ಅಂದ್ರಲ್ಲ ಎಲ್ಲಾರೂ?"

ಅಪ್ಪ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು.

ವಿಷಯ ತಿಳಿಸಿ ಅಕ್ಕ ಅಂದೇ ಕಾಗದ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ. ಕೆಲವು ತಿಂಗಳ ನಂತರ ತಂತಿ ಬಂತು. ಅಣ್ಣನಿದ್ದ ಹಡಗು ಮುಳುಗಿತ್ತು, ಅವನು ಕಾಣೆಯಾಗಿದ್ದ. ಯಾವ ಸಮುದ್ರದಲ್ಲಿ ಎಂದು ಇಂದಿಗೂ ನನಗೆ ಗೊತ್ತಿಲ್ಲ. ಅಮ್ಮ ಆ ವರ್ಷದಿಂದ ಕಂಬಳಿ ಹೊದೆಯಲಿಲ್ಲ. ಸಾಯುವವರೆಗೂ ಹೊದೆಯಲಿಲ್ಲ. ಅಣ್ಣ ಬರೆದದ್ದು ‘ಚಳಿ ತಡೆಯಲಾಗುವುದಿಲ್ಲ’ ಎಂದೋ, ‘ಚಳಿ ಏನೂ ಇಲ್ಲ, ಯೋಚನೆ ಮಾಡಬೇಡ’ ಎಂದೋ ಹೇಳಬಲ್ಲವರು ಯಾರೂ ಇರಲಿಲ್ಲ. ಅದನ್ನು ಅಳಿಸಿದವನು ನಾನು, ಓದದೆ ಅಳಿಸಿದೆ. ಅಮ್ಮ ಹೋದ ಮೇಲೆ ಅವಳ ಪೆಟ್ಟಿಗೆ ತೆರೆದಾಗ ಪುಸ್ತಕ ಗೆದ್ದಲು ಹಿಡಿದು ಪುಡಿಯಾಗಿತ್ತು.

ಇಲ್ಲಿ ಜುಲೈನಲ್ಲಿ ಚಳಿ ಇರುತ್ತದೆ. ಇಲ್ಲಿಗೆ ಬಂದ ಮೇಲೆ ನನಗೆ ಅದು ಗೊತ್ತಾಯಿತು. ಅಣ್ಣ ಬರೆದದ್ದು ಯಾವ ತಿಂಗಳೋ ಗೊತ್ತಿಲ್ಲ.

ಹೋದ ವಾರ ಮೊಮ್ಮಗಳಿಗೆ ಫೋನಿನಲ್ಲಿ ಆ ಪುಸ್ತಕದ ಹೆಸರು, ರಟ್ಟಿನ ಮೇಲಿನ ಚಿತ್ರ ಹೇಳಿದೆ. ಅವಳು ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ಮನೆಗೆ ಬರುತ್ತಿರುವಾಗಲೇ ಹುಡುಕಿ, ನಾನು ಚಹಾ ಕುಡಿದು ಮುಗಿಸುವುದರೊಳಗೆ ಟ್ಯಾಬ್ಲೆಟ್ ನನ್ನ ಮಡಿಲಿಗಿಟ್ಟಳು. ಅದೇ ಸಂಚಿಕೆ. ಯಾರೋ ಪ್ರತಿ ಪುಟವನ್ನೂ ಜೋಪಾನವಾಗಿ ಇಂಟರ್ನೆಟ್ಟಿಗೆ ಏರಿಸಿದ್ದರು. ಎಪ್ಪತ್ತು ವರ್ಷದ ಮೇಲೆ ಕೊನೆಯ ಕಥೆಯನ್ನು ಮೊದಲ ಸಲ ಓದಿದೆ. ಮರದಿಂದ ಮರಕ್ಕೆ ಹಾವು, ಪೊದೆಗೊಂದು ಸಿಂಹ, ಎಲ್ಲೆಲ್ಲೂ ಡೋಲು.

"ಅಜ್ಜ, ದಿಸ್ ಈಸ್ ಸೋ ರಾಂಗ್!" ಎಂದು ಮೊಮ್ಮಗಳು ನಕ್ಕಳು. "ಕೆನ್ಯಾ ಹೀಗಿಲ್ಲ. ನಿಮ್ ಅಣ್ಣ ಇದನ್ನ ನೋಡಿ ಏನಂದ್ರು?"

ಅವನು ಏನೋ ಹೇಳಿದ್ದ. ಪುಟಗಳ ತುಂಬ ಹೇಳಿದ್ದ.

ಮಕ್ಕಳೇ, ನಿಮ್ಮ ಕಾಲದಲ್ಲಿ ಯಾವ ಪುಸ್ತಕವೂ ಕಳೆದುಹೋಗುವುದಿಲ್ಲ. ಹುಡುಕಿದರೆ ಹೊಸದರಂತೆ, ಒಂದು ಗೀರೂ ಇಲ್ಲದೆ ಸಿಗುತ್ತದೆ. ನಮ್ಮದರಲ್ಲಿ ಗೀಚಿದ್ದಿತ್ತು. ಮೊಮ್ಮಗಳು ಕಲಿಸಿದಂತೆ ಎರಡು ಬೆರಳಿಟ್ಟು ಪುಟವನ್ನು ಅಗಲಿಸಿದೆ. ಖಾಲಿ ಅಂಚು ಇನ್ನಷ್ಟು ದೊಡ್ಡದಾಯಿತು.