ಸ್ಕೇಲು ಸಾಹೇಬರು ಮತ್ತು ಕಾಣೆಯಾದ ಕವನಗಳು

ನಮ್ಮ ಗ್ರಂಥಾಲಯದ ಮುಖ್ಯಸ್ಥರನ್ನು ಬೆನ್ನ ಹಿಂದೆ ನಾವೆಲ್ಲ ಸ್ಕೇಲು ಸಾಹೇಬರು ಎನ್ನುತ್ತೇವೆ. ಮೇಜಿನ ಮೇಲಿನ ಪೆನ್ನು ಕೊಂಚ ಓರೆಯಾದರೂ ಅವರಿಗೆ ಮೈಯೆಲ್ಲ ಉರಿ. ಮನೆಯಲ್ಲಿ ಚಪ್ಪಲಿಗಳನ್ನೂ ಗೆರೆ ಹೊಡೆದಂತೆ ನಿಲ್ಲಿಸುತ್ತಾರೆಂದು ಅವರ ಹೆಂಡತಿಯೇ ನನ್ನ ಕೌಂಟರಿಗೆ ಬಂದು ಗೋಳು ಹೇಳಿಕೊಂಡಿದ್ದರು.

ಇಂಥವರ ಕೈಗೆ ಆರ್‌ಎಫ್‌ಐಡಿ ಎಂಬ ಹೊಸ ಏರ್ಪಾಡು ಸಿಕ್ಕಿತು. ಪುಸ್ತಕದೊಳಗೊಂದು ಟ್ಯಾಗ್ ಅಂಟಿಸಿದರಾಯಿತು; ಕೈಯಂತ್ರವನ್ನು ಕಪಾಟಿನ ಮುಂದೆ ಆಡಿಸಿದರೆ ಯಾವುದಿದೆ, ಯಾವುದಿಲ್ಲ ಎಂದು ಅದೇ ಹೇಳುತ್ತದೆ.

"ತೆಳು ಪುಸ್ತಕಗಳಲ್ಲಿ ಟ್ಯಾಗು ಒಂದರ ಮೇಲೊಂದು ಬಂದ್ರೆ ಯಂತ್ರಕ್ಕೆ ಗೊತ್ತಾಗಲ್ಲ ಸಾರ್. ಜಾಗ ಬದಲಾಯಿಸಿ ಅಂಟಿಸಿ," ಎಂದ ಯಂತ್ರ ತಂದ ಮೆಕ್ಯಾನಿಕ್.

"ಶಿಸ್ತು ಅಂತ ಒಂದು ಬೇಡ್ವೇನ್ರಿ?" ಎಂದ ಸಾಹೇಬರು, ಸ್ಕೇಲಿಟ್ಟು ಅಳೆದು, ಎಲ್ಲ ಪುಸ್ತಕಗಳಲ್ಲೂ ಒಂದೇ ಮೂಲೆಗೆ ನಮ್ಮ ಕೈಯಿಂದ ಅಂಟಿಸಿಸಿದರು.

ಮೊದಲ ತಪಾಸಣೆಯಲ್ಲೇ ಕವನ ಸಂಕಲನಗಳು ಅರ್ಧಕ್ಕರ್ಧ ಕಾಣೆ! ಕವನಗಳ ಕೋಣೆಯ ಬೀಗದ ಕೈ ಇರುವುದು ಕಸ ಗುಡಿಸುವ ಆಯಾಳ ಹತ್ತಿರ. ಕದ್ದಿದ್ದು ನೀನೇ, ನಾಳೆ ಬೀಗದ ಕೈ ಕೊಟ್ಟು ಮನೆಗೆ ಹೋಗು ಎಂದುಬಿಟ್ಟರು ಸಾಹೇಬರು.

"ಅಯ್ಯೋ, ಕಣ್ಣೆದುರೇ ಇದಾವಲ್ಲ ಸಾರ್!" ಆಯಾ ಕಪಾಟಿನಿಂದ ಒಂದನ್ನು ಎಳೆದು ಕೊಟ್ಟಳು.

"ಇದ್ದಿದ್ರೆ ಯಂತ್ರ ಹೇಳ್ತಿರ್ಲಿಲ್ವಾ? ಇದು ಕಾಣೆಯಾಗಿದೆ," ಎಂದರು ಸಾಹೇಬರು, ಆ ಪುಸ್ತಕವನ್ನು ಕೈಯಲ್ಲೇ ಹಿಡಿದುಕೊಂಡು.

"ಈ ವಯಸ್ಸಲ್ಲಿ ಕಳ್ಳಿ ಅನ್ನಿಸ್ಕೊಂಡ್ರೆ ನಂಗೆ ಇನ್ಯಾರು ಕೆಲಸ ಕೊಡ್ತಾರಕ್ಕಾ?" ಎಂದು ಆಯಾ ನನ್ನ ಮುಂದೆ ಅತ್ತಳು. ನನಗೆ ಪಿತ್ತ ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಅವಳು ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟು ನಿಂತಿದ್ದಳು. ಅಷ್ಟರಲ್ಲಿ ಸಾಹೇಬರು ಬಂದರು. ಬಾಗಿಲಲ್ಲಿ ಹಾಜರಿಯ ಯಂತ್ರ. ನಮ್ಮ ಗುರುತಿನ ಚೀಟಿಗಳಲ್ಲೂ ಅಂಥದೇ ಟ್ಯಾಗ್. ಶಿಸ್ತಿನ ಮನುಷ್ಯ, ಚೀಟಿಯನ್ನು ಅಂಥದೇ ಟ್ಯಾಗಿರುವ ಬಸ್ ಕಾರ್ಡು, ಬ್ಯಾಂಕ್ ಕಾರ್ಡುಗಳ ಜೊತೆ ಅಂಚಿಗೆ ಅಂಚು ಕೂಡಿಸಿ ಪರ್ಸಿನಲ್ಲಿಟ್ಟಿದ್ದರು. ಪರ್ಸನ್ನು ಯಂತ್ರಕ್ಕೆ ಒತ್ತಿದರು. ಯಂತ್ರ ಸುಮ್ಮನಿತ್ತು. ಮತ್ತೆ ಒತ್ತಿದರು. ಊಹೂಂ.

"ನೀವು ಇವತ್ತು ಬಂದಿಲ್ಲ ಬಿಡಿ ಸಾರ್," ಎಂದೆ ಕೂತಲ್ಲಿಂದಲೇ. "ಬಂದಿದ್ರೆ ಯಂತ್ರ ಹೇಳ್ತಿರ್ಲಿಲ್ವಾ?"

ಸಾಲಿನಲ್ಲಿದ್ದ ಓದುಗರು ಕಿಸಕ್ಕನೆ ನಕ್ಕರು. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಚೀಟಿಯೊಂದನ್ನೇ ಹೊರತೆಗೆದು ಹಿಡಿದರು. ಯಂತ್ರ ಕುಂಯ್ ಎಂದಿತು. ಚೀಟಿಯನ್ನೇ ನೋಡುತ್ತ ನಿಂತರು. ಆಮೇಲೆ ಕವನದ ಕೋಣೆಗೆ ಹೋಗಿ, ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿ ಯಂತ್ರ ಹಿಡಿದರು. ಎಲ್ಲವೂ ಸಿಕ್ಕವು.

ಹೊರಬಂದವರು ಆಯಾಳ ಕಡೆ ತಿರುಗಿದರು. "ಎಲ್ಲಾ ಇದಾವೆ ಅಂತ ಯಂತ್ರ ಹೇಳ್ತು. ನೀನು ಕೆಲಸಕ್ಕೆ ಬರಬಹುದು." ದೊಡ್ಡ ಉಪಕಾರ ಮಾಡಿದವರ ಧಾಟಿ!

ಆಯಾ ಬೀಗದ ಕೈ ಎತ್ತಿಕೊಂಡಳು.

"ಯಂತ್ರ ಹೇಳ್ತು, ಸರಿ ಸಾರ್," ಎಂದಳು. "ನಾನು ಕಳ್ಳಿ ಅಲ್ಲ ಅಂತ ನೀವು ಯಾವಾಗ ಹೇಳ್ತೀರಿ?"