ತಿಕೋಟಾದ ಅಕ್ಕೋರು ಮತ್ತು ನಮ್ಮ ಮೌಲ್ಯಮಾಪನ

ಮೊನ್ನೆ ಸಂಜೆ ವಿಜಯಪುರದ ಗಾಂಧಿ ಚೌಕದ ಹತ್ತಿರ ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಹುಳಿ ಹಬೆ ಬಂದು ಮೂಗಿಗೆ ಹೊಡೆಯಿತು. ನಿಮಗಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತೇನೋ. ನನಗೆ ಡಯಾಲಿಸಿಸ್ ವಾರ್ಡು ನೆನಪಾಯಿತು. ರಕ್ತ ಸೋಸುವ ಆ ಯಂತ್ರಗಳನ್ನು ತೊಳೆಯುವ ದ್ರಾವಣಕ್ಕೂ ಹೆಚ್ಚುಕಡಿಮೆ ಇದೇ ವಾಸನೆ. ಅದರ ಹಿಂದೆಯೇ ಸುಶೀಲಾ ಅಕ್ಕೋರು ಕಣ್ಮುಂದೆ ಬಂದರು: ಕಿಟಕಿ ಪಕ್ಕದ ಹಾಸಿಗೆ, ಒಂದು ಕೈ ಯಂತ್ರಕ್ಕೆ ಒಪ್ಪಿಸಿದ್ದು, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪೇಪರು, ಮೂಗಿನ ತುದಿಗೆ ಇಳಿದ ಕನ್ನಡಕ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಕೆಲವು ವರ್ಷಗಳ ಹಿಂದೆ ಪರಿಚಯದ ಹಿರಿಯ ಡಾಕ್ಟರೊಬ್ಬರು ನನ್ನನ್ನು ತಮ್ಮ ಸಣ್ಣ ಸಮಿತಿಗೆ ಎಳೆದುಕೊಂಡರು. ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ಎಂದು ಅದರ ಕೆಲಸಕ್ಕೆ ಹೆಸರು. ಹೊಸ ಯಂತ್ರವೋ ಹೊಸ ಔಷಧವೋ ಬಂದಾಗ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ, ಅದೇ ದುಡ್ಡಿನಲ್ಲಿ ಇನ್ನೂ ಹೆಚ್ಚು ಜನರನ್ನು ಉಳಿಸುವ ದಾರಿ ಇದೆಯೇ ಎಂದು ತೂಗಿ ನೋಡಿ ಮೇಲಿನವರಿಗೆ ಸಲಹೆ ಕೊಡುವುದು. ಕಾಲೇಜಿನವರಿಗೆ ಮೌಲ್ಯಮಾಪನವೆಂದರೆ ಉತ್ತರಪತ್ರಿಕೆ ತಿದ್ದುವುದೊಂದೇ. "ಎಷ್ಟ್ ಬಂಡಲ್ ಮುಗಿಸಿದ್ರಿ ಸರ್?" ಎಂದು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದಿದ್ದೆ. ಕೆಂಪು ಪೆನ್ನು ಹಿಡಿದು ಕೂತರಾಯಿತು, ಪಾಸೋ ಫೇಲೋ ಬರೆದು ಎದ್ದು ಬರಬಹುದು.

ಕೂತ ಮೇಲೆ ತಿಳಿಯಿತು, ತಿದ್ದಲು ಉತ್ತರಪತ್ರಿಕೆಯೇ ಇಲ್ಲ. ನಮ್ಮ ಸೀಮೆಯಲ್ಲಿ ಎಷ್ಟು ಜನರ ಕಿಡ್ನಿ ಕೆಟ್ಟಿದೆ ಎಂದರೆ ಯಾರ ಬಳಿಯೂ ಲೆಕ್ಕವಿಲ್ಲ. ಸಿಕ್ಕ ಅಂಕಿಗಳೆಲ್ಲ ತಂಪು ದೇಶಗಳವು. ಅಲ್ಲಿನ ರೋಗಿ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಹೋಗುತ್ತಾನೆ, ನಲ್ಲಿ ನೀರು ಕುಡಿಯುತ್ತಾನೆ. ನಮ್ಮ ಬೋರಿನ ಸವುಳು ನೀರು ಯಂತ್ರದೊಳಗೆ ಹೋದರೆ ಏನಾಗುತ್ತದೆ ಎಂದು ಅವರಿಗೆ ಯಾಕೆ ಗೊತ್ತಿರಬೇಕು? ಎಲ್ಲದಕ್ಕೂ ಉತ್ತರ ಇಟ್ಟುಕೊಂಡು ಬರುತ್ತಿದ್ದವರು ಯಂತ್ರ ಮಾರುವವರು ಮಾತ್ರ. ಇನ್ನು ಊರ ದೊಡ್ಡವರಿಗೆ ಯಂತ್ರವೇ ಬೇಕು. ಯಂತ್ರಕ್ಕೆ ರಿಬ್ಬನ್ ಕಟ್ಟಬಹುದು, 'ಈಗ ಬೇಡ' ಎಂಬ ಸಲಹೆಗೆ ಎಲ್ಲಿ ಕಟ್ಟುವುದು?

ನಮ್ಮ ಮುಂದೆ ಬಂದ ಮೊದಲ ದೊಡ್ಡ ಪ್ರಶ್ನೆ ಇದು. ತಿಕೋಟಾ, ಬಬಲೇಶ್ವರದ ಕಡೆಯ ರೋಗಿಗಳು ಡಯಾಲಿಸಿಸ್‌ಗೆ ವಿಜಯಪುರಕ್ಕೇ ಬರಬೇಕಿತ್ತು. ಅವರಿಗಾಗಿ ಅಲ್ಲೇ ಯಂತ್ರ ಹಾಕಬೇಕೇ? ಅಥವಾ ಅದೇ ಹಣದಲ್ಲಿ ಹಳ್ಳಿ ಹಳ್ಳಿಯ ದವಾಖಾನೆಗಳಿಗೆ ಬಿಪಿ, ಶುಗರಿನ ಗುಳಿಗೆ ತಪ್ಪದೆ ಸಿಗುವಂತೆ ಮಾಡಿ, ಕಿಡ್ನಿ ಕೆಡುವುದನ್ನೇ ತಡೆಯಬೇಕೇ? ನನ್ನ ಲೆಕ್ಕ ಗುಳಿಗೆಯ ಕಡೆಗೆ ವಾಲುತ್ತಿತ್ತು. ಸಮಿತಿಯಲ್ಲಿ ಒಬ್ಬ ರೋಗಿಯೂ ಇರಬೇಕೆಂದು ಡಾಕ್ಟರು ಹಟ ಹಿಡಿದು ಸುಶೀಲಾ ಅಕ್ಕೋರನ್ನು ಕರೆತಂದರು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಿವೃತ್ತರಾದರೂ ತಿಕೋಟಾಕ್ಕೆಲ್ಲ ಅವರು ಅಕ್ಕೋರೇ. ಮನೆಯವರದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಆರಿಸುವಾಗ ಅವರ ಕಣ್ಣಿಗೆ ಒಂದು ಕಡ್ಡಿ ತಪ್ಪುತ್ತಿರಲಿಲ್ಲವಂತೆ, ಆದರೆ ಒಂದು ಕಾಳನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಕಿಡ್ನಿ ಹೋದವರಿಗೆ ಅದು ವಿಷ. ಬೇಸಿಗೆಯಲ್ಲೂ ನೀರು ಅಳೆದು ಕುಡಿಯಬೇಕು. "ಬಿಜಾಪುರ ಬಿಸಲಾಗ ಬದುಕೂದ ಒಂದ ಪರೀಕ್ಷಾ, ನೀರ ಬಿಟ್ಟ ಬದುಕೂದ ಇನ್ನೊಂದ" ಎಂದು ನಗುತ್ತಿದ್ದರು. ಸಭೆಯಲ್ಲಿ ಮಾತ್ರ ಬಹಳ ದಿನ ಮಾತಾಡಲೇ ಇಲ್ಲ.

ತೀರ್ಮಾನದ ದಿನ ಡಾಕ್ಟರು ಅವರ ಕಡೆ ತಿರುಗಿದರು. "ಅಕ್ಕೋರ, ನೀವೇನಂತೀರಿ?"

"ನನ್ನ ಯಾಕ ಕೇಳತೀರಿ ಡಾಕ್ಟ್ರ? ಮಷೀನ್ ಬೇಕ ಅಂದ್ರ ತನ್ನ ಸಲುವಾಗಿ ಅಂದ್ಳು ಅಂತೀರಿ. ಬ್ಯಾಡ ಅಂದ್ರ ದೇವರಂಥಾಕಿ ಅಂತೀರಿ. ಎರಡೂ ನನಗ ಬ್ಯಾಡ್ರಿ."

ಆಮೇಲೆ ಅವರೇ ಹೇಳಿದರು. ಅವರ ಪಕ್ಕದ ಹಾಸಿಗೆಗೆ ಬಬಲೇಶ್ವರ ಕಡೆಯ ಶಿವಪ್ಪ ಎಂಬವರು ಬರುತ್ತಿದ್ದರು. ಕೆಲವು ತಿಂಗಳಿಂದ ಬಂದಿಲ್ಲ. "ನಿಮ್ಮ ಲೆಕ್ಕದಾಗ ಅವರು ಏನಂತ ಅದಾರ್ರಿ?"

ನಾನು ಕಾಗದ ನೋಡಿದೆ. "ಚಿಕಿತ್ಸೆ ಬಿಟ್ಟವರು" ಎಂದಿತ್ತು.

"ಬಿಟ್ಟಾರೋ, ಬಿಡೂ ಹಂಗ ಆತೋ, ಹೋಗಿ ಕೇಳೋಣ ನಡೀರಿ" ಎಂದರು ಅಕ್ಕೋರು.

ಅವರಿಗೆ ಡಯಾಲಿಸಿಸ್ ಇಲ್ಲದ ಒಂದು ದಿನ ನಾವಿಬ್ಬರೂ ಬಬಲೇಶ್ವರದ ಬಸ್ಸು ಹತ್ತಿದೆವು. ಇಳಿದ ಮೇಲೆ ತೋಟದ ಹಾದಿಯಲ್ಲಿ ಒಂದಿಷ್ಟು ನಡಿಗೆ. ಅಕ್ಕೋರು ಬೇವಿನ ನೆರಳು ಕಂಡಲ್ಲೆಲ್ಲ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ಕೈ ಕೊಡಲು ಹೋದರೆ "ನೀವ ನಡೀರಿ ಸರ್, ನನ್ನ ಕಾಲ ಇನ್ನಾ ಸರ್ವೀಸಿನಾಗ ಅದಾವು" ಎಂದರು.

ಶಿವಪ್ಪ ತೀರಿಕೊಂಡಿದ್ದರು. ಅವರ ಹೆಂಡತಿ ನೀಲವ್ವ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ಅಕ್ಕೋರ ಕೈಮೇಲೆ ಡಯಾಲಿಸಿಸ್ ಸೂಜಿ ಚುಚ್ಚುವಲ್ಲಿ ಉಬ್ಬಿದ ನರ ನೋಡಿದವರೇ, ಗಂಡನ ಕೈಯಲ್ಲೂ ಹಾಗೇ ಇತ್ತೆಂದು, ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಕರಕೊಂಡ ಹೋಗಾವ್ರು ಇದ್ದಿಲ್ಲ ಅಂತಲ್ರಿ ಅಕ್ಕೋರ. ನನ್ನ ತಮ್ಮ ಹೋಗತಿದ್ದ, ನಾ ಹೋಗತಿದ್ದೆ. ಹೋದ ದಿನ ಮನಿಯಾಗಿನ ದುಡಿಮಿ ನಿಂತ ಹೋಗತಿತ್ತ. ಒಂದಿನ ಬಸ್ಸಿಗೆ ಅಂತ ಎಬ್ಬಸಾಕ ಹೋದೆ. 'ಸಾಕ ಬಿಡ ನೀಲಾ, ಇನ್ನ ಮನಿಯಾಗ ಇರತೇನಿ' ಅಂದ್ರು. ನಾ ಜಗಳಾ ಮಾಡಿದೆ, ಕಣ್ಣೀರ ಹಾಕಿದೆ. ಏಳಲಿಲ್ಲ."

ಯಂತ್ರ ಹತ್ತಿರದಲ್ಲೇ ಇರಬೇಕು ಎನ್ನಲು ಇನ್ನೇನು ಬೇಕು? ನನ್ನ ಲೆಕ್ಕ ಅಲ್ಲೇ ಕುಸಿಯುತ್ತಿತ್ತು. ಅಷ್ಟರಲ್ಲಿ ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಸಂಕೋಚದಿಂದ ಕೇಳಿದರು:

"ನೀವು ದವಾಖಾನಿ ಕಡಿಯವ್ರು ಅಂದ್ರಲ್ಲ. ನನ್ನ ಬಿಪಿ ಗುಳಗಿ ಮುಗದ ಭಾಳ ದಿನ ಆತ್ರಿ. ಕೇಳಾಕ ಹೋದ್ರ ಬಂದಿಲ್ಲ ಅಂತಾರ. ನಿಮ್ಮ ಕಡೆ ಅದಾವೇನ್ರಿ? ನಮ್ಮ ಮನಿಯವ್ರಿಗೂ ಮೊದಲ ಬರೇ ಬಿಪಿನೇ ಇತ್ತ."

ಬಸ್ಸಿನಲ್ಲಿ ವಿಜಯಪುರಕ್ಕೆ ಮರಳಿದೆವು. ಗೋಳಗುಮ್ಮಟದ ತಲೆ ಕಂಡಾಗ ಅಕ್ಕೋರು, "ನೋಡಿದ್ರೇನ್ರಿ ಸರ್, ಆ ಮನಿಯಾಗ ಎರಡೂ ಬೇಕಾಗಿತ್ತು" ಎಂದರು, ಅಷ್ಟೇ.

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಮಾತಾಡಿದರು. ತರಗತಿಯ ಅಭ್ಯಾಸ. "ಮೊದಲ ಗುಳಗಿ. ಆದ್ರ ನಮ್ಮನ್ನ ಕರಕೊಂಡ ಬರಾಕ ಒಂದ ಗಾಡಿ ಕೊಡ್ರಿ. ನಮ್ಮ ಕಡೆಯವ್ರಿಗೆ ಈಗ ಮಷೀನ್ ಸಿಗಂಗಿಲ್ಲ, ಅದರಿಂದ ನಮ್ಮಂಥಾ ಕೆಲವರು ಜೀವಾ ಬಿಡತಾರ ಅಂತ ಸ್ಪಷ್ಟ ಬರೀರಿ. ನಮ್ಮನ್ನ ಯಾವುದೋ ಅಂಕಿಯೊಳಗ ಮುಚ್ಚಿ ಇಡಬ್ಯಾಡ್ರಿ." ನಾನು ಹಾಗೆಯೇ ಬರೆದೆ. ಅಂಥ ವಾಕ್ಯವನ್ನು ಅದಕ್ಕೂ ಮುಂಚೆ ಬರೆದಿರಲಿಲ್ಲ.

ಏನಾಯಿತು ಎಂದು ನೀವು ಕೇಳುತ್ತೀರಿ. ಗುಳಿಗೆ ಬಂದವು, ಈಗಲೂ ಬಹುಮಟ್ಟಿಗೆ ಬರುತ್ತಿವೆ. ಗಾಡಿ ಕೆಲವು ತಿಂಗಳು ಓಡಿತು. ಡೀಸೆಲ್ಲು ಯಾರು ಹಾಕಿಸಬೇಕು ಎಂಬ ಮಾತಿಗೆ ಬಂದು ನಿಂತಿತು. ಅಕ್ಕೋರು ಮತ್ತೆ ಬಸ್ಸು ಹಿಡಿದರು. ಅದಾದ ಎರಡನೆಯ ಬೇಸಿಗೆಯಲ್ಲಿ ತೀರಿಕೊಂಡರು. ನಮ್ಮ ಸಲಹೆಯಿಂದ ಯಾರು ಉಳಿದರೋ ನನಗೆ ಗೊತ್ತಿಲ್ಲ, ಕೆಡದೆ ಉಳಿದ ಕಿಡ್ನಿಗೆ ತಾನು ಉಳಿದದ್ದು ಗೊತ್ತಾಗುವುದಿಲ್ಲವಲ್ಲ. ಹೋದವರ ಮುಖ ಮಾತ್ರ ಗೊತ್ತಿದೆ. ಈ ಕೆಲಸದ ಕಷ್ಟ ಇದೇ ಎಂದು ಈಗ ಅನಿಸುತ್ತದೆ. ಅಂಕಿ ಸಿಗದಿರುವುದು ಅದರ ಮುಂದೆ ಸಣ್ಣದು.

ಗೋಬಿ ಗಾಡಿಯ ಮರುದಿನವೇ ನಮ್ಮ ಸಭೆಯಿತ್ತು. ಡಯಾಲಿಸಿಸ್ ಯಂತ್ರದ ಪ್ರಶ್ನೆ ಮತ್ತೆ ಬಂದಿದೆ. ಅಕ್ಕೋರ ಜಾಗದಲ್ಲಿ ಈಗ ನೀಲವ್ವ ಕೂರುತ್ತಾರೆ. ಅವರಿಗೆ ಓದು ಬಾರದು, ಹಾಗಾಗಿ ನಾನು ಎಲ್ಲವನ್ನೂ ಅವರ ಮಾತಿನಲ್ಲಿ ಓದಿ ಹೇಳಬೇಕು. ಒಂದು ಕಡೆ ತಡವರಿಸಿದೆ. ರೋಗಿ ಬದುಕಿದ ವರ್ಷಗಳನ್ನು ನಾವು ಇದ್ದಂತೆ ಎಣಿಸುವುದಿಲ್ಲ, ಆರಾಮಾಗಿದ್ದ ವರ್ಷಕ್ಕೆ ಪೂರ್ತಿ ಬೆಲೆ, ನರಳಿದ ವರ್ಷಕ್ಕೆ ಕಡಿಮೆ. ಹೇಗೆ ಹೇಳಲಿ?

"ಮೈ ನೆಟ್ಟಗಿದ್ದ ಚಲೋ ವರ್ಷಕ್ಕ ಒಂದ ಅಂತ ಹಿಡೀತೀವ್ರಿ ನೀಲವ್ವಾರ. ಡಯಾಲಿಸಿಸ್‌ಗೆ ಓಡಾಡೂ ವರ್ಷಕ್ಕ ಅರ್ಧದ ಮ್ಯಾಲ ಸ್ವಲ್ಪ."

ನೀಲವ್ವ ಒಪ್ಪಲಿಲ್ಲ. "ಅವರು ಇದ್ದ ವರ್ಷ ಎಲ್ಲಾ ಚಲೋನ ಇದ್ದುವ್ರಿ ಸರ್. ದವಾಖಾನಿಗೆ ಓಡಾಡಿದ್ದೂ."

ಆ ಅಂಕಿಯನ್ನು ನಾನು ಅಳಿಸಲಿಲ್ಲ. ಅಳಿಸಿದರೆ ಲೆಕ್ಕ ಯಂತ್ರದ ಕಡೆಗೆ ವಾಲಿ ಇನ್ಯಾರದೋ ಗುಳಿಗೆ ತಪ್ಪುತ್ತದೆ. ಆದರೆ ಮುಂದಿನ ಸಾಲಿಗೆ ಹೋಗಲೂ ಆಗಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಇಟ್ಟು, "ಹೇಳ್ರಿ ನೀಲವ್ವಾರ, ಆ ವರ್ಷ ಹೆಂಗಿತ್ತು?" ಎಂದು ಕೇಳಿದೆ. ಅವರು ಹೇಳತೊಡಗಿದರು. ನಾವೆಲ್ಲ ಕೇಳುತ್ತ ಕೂತೆವು.